ಹಳೇ ಫೈಬರ್ ಬೋಟು: ತಗೋಬೇಕೋ ಬ್ಯಾಡೋ?

ಜೋಳದ ರಾಶಿ ಮುಗೀತು, ಕೈ ಸ್ವಲ್ಪ ಖಾಲಿ ಅವ. ಅದಕ್ಕ ಹದಿನೈದು ದಿನದಿಂದ ತಲ್ಯಾಗ ತಿರಗಾಡೋ ಒಂದು ವಿಷಯ ಬರೀತೀನಿ. ಈ ಸಲ ತೊಗರಿ ಬಗ್ಗೆ ಅಲ್ಲ, ಬೋಟಿನ ಬಗ್ಗೆ. ನಗಬ್ಯಾಡ್ರಿ.

ನಾನು ಇರೋದು ಕಲಬುರಗಿ ಗಾಜಿಪುರದಾಗ, ಹೊಲ ಇರೋದು ಕಮಲಾಪುರ ಕಡೆ, ಗಂಡೋರಿ ನಾಲಾದ ಹಿನ್ನೀರಿನ ದಂಡಿಗೆ. ಮಳಿ ಛಲೋ ಆದ ವರ್ಷ ಡ್ಯಾಮ್ ತುಂಬಿದ್ರ ನಮ್ಮ ಕಾಲುದಾರಿ ನೀರಾಗ ಹೋಗ್ತದ. ಆಚೆ ದಂಡಿ ಮ್ಯಾಲಿನ ಬೇವಿನ ಗಿಡ ಕಣ್ಣಿಗೆ ಕಾಣ್ತದ, ಆದ್ರ ಸುತ್ತು ಹಾಕಿ ಮುಟ್ಟಬೇಕಂದ್ರ 11 ಕಿಲೋಮೀಟರ್. ಕಳೆ ತೆಗಿಯೋ ಹೆಣ್ಣುಮಕ್ಕಳನ್ನ ಟಂಟಂನ್ಯಾಗ ಕರಕೊಂಡು ಹೋಗಿ ಬರೋದ್ರಾಗ ಅರ್ಧ ಹೊತ್ತು ಕಳೀತದ. ನಮ್ಮಂಗ ಇನ್ನೂ ಮೂರು ಮನೆಯವರ ಹೊಲ ಆಚೆ ಅವ.

ಹಿಂಗಿರುವಾಗ ನಮ್ಮ ಪರಿಚಯದವರೊಬ್ರು ಫೋನ್ ಮಾಡಿ, 16 ಅಡಿ ಫೈಬರ್ ಬೋಟು ಅದ, ಎಂಟು ಜನ ಕೂಡಬಹುದು, 38 ಸಾವಿರಕ್ಕ ಕೊಡ್ತೀನಿ, ಸ್ವಲ್ಪ ರಿಪೇರಿ ಅದ ಅಂದ್ರು. ನಾಲ್ಕೂ ಮನೆಯವರು ಕೂಡಿ ನೋಡ್ಲಿಕ್ಕೆ ಹೋದ್ವಿ. ಒಂದು ತೋಟದಾಗ ಬಕ್ಕಬೋರಲು ಬಿದ್ದಿತ್ತು, ಮ್ಯಾಲ ಒಣಗಿದ ಎಲಿ. ಖರೆ ಹೇಳ್ತೀನಿ, ನೋಡಿದ ಕೂಡಲೇ ಮನಸ್ಸು ಸೋತಿತು. ನೀರು ಕಡಿಮಿ ಇರೋ ನಾಡಿನವ್ರು ನಾವು, ನಮಗ ಬೋಟು ಅಂದ್ರ ಏನೋ ಒಂದು ಆಶಾ.

ಹೋಗೋಕಿಂತ ಮೊದಲು ಕರಾವಳಿ ಕಡೆ ಬೋಟಿನ ಕೆಲಸ ಮಾಡೋ ಒಬ್ರನ್ನ ಕೇಳಿಕೊಂಡಿದ್ದೆ. ಅವರು ಹೇಳಿದ್ದು ನಿಮಗೂ ಉಪಯೋಗ ಆಗಬಹುದು.

ಮೊದಲನೇದು, ಮ್ಯಾಲಿನ ಬಣ್ಣ ನೋಡಬ್ಯಾಡ್ರಿ. ಬಿಸಿಲಿಗೆ ಮ್ಯಾಲಿನ ಜೆಲ್‌ಕೋಟ್ ಸುಣ್ಣದಂಗ ಪುಡಿ ಆಗ್ತದ, ಅದು ದೊಡ್ಡ ರೋಗ ಅಲ್ಲ. ಒಂದು ನಾಣ್ಯ ತಗೊಂಡು ಗೇಣಿಗೊಂದು ಸಲ ಬಡಕೊಂತ ಹೋಗ್ರಿ. ಟಣ್ ಅಂದ್ರ ಗಟ್ಟಿ. ಡಬ್ ಅಂದ್ರ ಒಳಗಿನ ಪದರ ಬಿಟ್ಟಾವ, ಇಲ್ಲಾ ನೀರು ಕುಡದಾವ.

ಎರಡನೇದು, ಇಂಜಿನ್ ಕೂಡಿಸೋ ಹಿಂದಿನ ಹಲಗಿ. ಭಾಳ ಹಳೇ ಬೋಟಿನ್ಯಾಗ ಅದರ ಒಳಗ ಪ್ಲೈವುಡ್ ಇರ್ತದ, ಮ್ಯಾಲ ಫೈಬರ್ ಹೊದಿಕಿ. ಬೋಲ್ಟ್ ತೂತಿನಿಂದ ನೀರು ಇಳದು ಕಟಿಗಿ ಒಳಗೇ ಕೊಳೀತದ. ಹೊರಗ ಏನೂ ಕಾಣಂಗಿಲ್ಲ. ಹಂಗೇ ತಳದ ಉದ್ದನೇ ತೊಲಿಗಳು.

ಮೂರನೇದು ತೂಕ. ಅದರ ಅಳತಿಗೆ ಇರಬೇಕಾದ್ದಕ್ಕಿಂತ ಭಾರ ಆಗಿದ್ರ ಒಳಗಿನ ಫೋಮ್ ನೀರು ಹೀರೇದ ಅಂತ ಅನುಮಾನ ಪಡ್ರಿ.

ನಮ್ಮ ಬೋಟು ತಳದಾಗ ಮೂರು ಕಡೆ ಡಬ್ ಅಂತು. ಹಿಂದಿನ ಹಲಗಿ ಬೋಲ್ಟಿನ ಸಂದಿನ್ಯಾಗ ಸ್ಕ್ರೂಡ್ರೈವರ್ ಚುಚ್ಚಿದ್ರ ನೆನೆದ ಖಾರೀಕಿನಂಗ ಒಳಗ ಹೋಯ್ತು.

ವಾಪಸ್ ಬರುವಾಗ ನಮ್ಮ ಗೆಳೆಯ ಅಂದ, "ನೀ ಹಳೇ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿ ಹನ್ನೆರಡು ವರ್ಷ ಹೊಡದೀ, ಇದಕ್ಯಾಕ ಅಂಜ್ತೀ?" ಮಾತು ಬರೊಬ್ಬರಿ ಅದ. ಎರಡು ದಿನ ಅದನ್ನೇ ವಿಚಾರ ಮಾಡಿದೆ.

ಟ್ರ್ಯಾಕ್ಟರ್ ಕೆಟ್ರ ಕಲಬುರಗಿನ್ಯಾಗ ಸಾಮಾನು ಸಿಗ್ತದ, ಮೇಸ್ತ್ರಿ ಸಿಗ್ತಾನ. ಒಂದು ನಟ್ ತಪ್ಪಾದ್ರ ಬಿಚ್ಚಿ ಮತ್ತ ಹಾಕಬಹುದು. ಫೈಬರ್ ಹಂಗಲ್ಲ. ಬಿಚ್ಚಿ ಹಾಕೋದು ಇರಂಗಿಲ್ಲ, ತಿಕ್ಕಬೇಕು, ಹಚ್ಚಬೇಕು. 5 ಮಿಲಿಮೀಟರ್ ದಪ್ಪ ತಳ ಒಡದಿದ್ರ, ತೂತಿನ ಸುತ್ತಲೂ ಅದರ 12 ಪಟ್ಟು, ಅಂದ್ರ 60 ಮಿಲಿಮೀಟರ್ ಇಳಿಜಾರಾಗಿ ತಿಕ್ಕಿದ ಮ್ಯಾಲೇ ಹೊಸ ಪದರ ಗಟ್ಟಿ ಹಿಡೀತದ. ಒಂದು ಚದರ ಮೀಟರಿಗೆ 450 ಗ್ರಾಂ ಮ್ಯಾಟ್ ಹಾಸಿದ್ರ ಸುಮಾರು ಒಂದು ಕಿಲೋ ರೆಸಿನ್ ಬೇಕು, ಅದಕ್ಕ ನೂರಕ್ಕ ಒಂದೆರಡು ಪಾಲು ಕ್ಯಾಟಲಿಸ್ಟ್. ನಮ್ಮ ಏಪ್ರಿಲ್ ಬಿಸಿಲಾಗ ಅದು ಬಕೆಟ್‌ನ್ಯಾಗೇ ಕಲ್ಲಾಗ್ತದ, ಮಳಿಗಾಲದ ಹಸಿ ಹವಾಕ್ಕ ಸರಿ ಹಿಡಿಯಂಗಿಲ್ಲ. ಅದಕ್ಕ ಛಲೋ ಹವಾ ಅಂದ್ರ ಚಳಿಗಾಲ, ಆವಾಗ ನಾವು ತೊಗರಿ ರಾಶ್ಯಾಗ. ಇನ್ನ ತಿಕ್ಕಿದ ಧೂಳು ಎದಿಗೂ ಚರ್ಮಕ್ಕೂ ಕೆಟ್ಟದ್ದು. ಕ್ಯಾಟಲಿಸ್ಟ್ ಕಣ್ಣಿಗೆ ಸಿಡಿದ್ರ ಕಣ್ಣೇ ಹೋಗಬಹುದು. ಕೋಬಾಲ್ಟ್ ಅನ್ನೋ ನೇರಳೆ ಬಣ್ಣದ ದ್ರವದ ಜೋಡಿ ಅದನ್ನ ನೇರವಾಗಿ ಕಲಸಿದ್ರ ಸ್ಫೋಟ ಆಗ್ತದ. ಮನ್ಯಾಗ ಹುಡುಗರು ಇದ್ದವ್ರು ಇದನ್ನ ಮರೀಬಾರದು.

ತೊಗರಿ ಖರ್ಚು ಬರಿಯೋ ಅದೇ ವಹಿನ್ಯಾಗ ಲೆಕ್ಕ ಬರದೆ. ಬೋಟು 38,000. ಸಾಗಾಣಿಕಿ 9,000. ರೆಸಿನ್, ಮ್ಯಾಟ್, ಬಣ್ಣ 22,000. ಪ್ಲೈವುಡ್ 8,000. ಕೆಲಸ ಗೊತ್ತಿದ್ದವನನ್ನ ಕರೆಸಿ ಎರಡು ವಾರ ಇಟ್ಕೊಂಡ್ರ 25,000. ಎಂಟು ಜೀವರಕ್ಷಕ ಜಾಕೆಟ್ 12,000. ಹಳೇ ಇಂಜಿನ್ 60,000. ಒಟ್ಟು 1,74,000. ತೊಗರಿ ಕ್ವಿಂಟಲಿಗೆ 7,000 ಹಿಡಿದ್ರ ಹತ್ತತ್ರ 25 ಕ್ವಿಂಟಲ್, ಎಕರೆಗೆ 4 ಕ್ವಿಂಟಲ್ ಹಿಡಿದ್ರ ಆರು ಎಕರೆ ಮ್ಯಾಲಿನ ಬೆಳಿ. ಕೇಳಿದ ಬೆಲಿಗಿಂತ ನಾಲ್ಕು ಪಟ್ಟಿನ ಮ್ಯಾಲೆ ಆಯ್ತು. ಇದರಾಗ ನಮ್ಮ ಕೂಲಿ ಹಿಡಿದಿಲ್ಲ.

ಟ್ರ್ಯಾಕ್ಟರ್ ಪೂರಾ ಸತ್ರೂ ಗುಜರಿಯವ ಕಿಲೋ ಲೆಕ್ಕದಾಗ ರೊಕ್ಕ ಕೊಡ್ತಾನ. ಫೈಬರ್ ಕರಗಂಗಿಲ್ಲ, ಕೊಳಿಯಂಗಿಲ್ಲ, ಯಾರೂ ಒಯ್ಯಂಗಿಲ್ಲ. ಫ್ರಾನ್ಸ್ ದೇಶದಾಗ ಹಳೇ ಬೋಟುಗಳ ಕಾಟ ಹೆಚ್ಚಾಗಿ, ಅವನ್ನ ಒಡೆಯೋ ಖರ್ಚಿಗೆ ಬೋಟು ತಯಾರಕರೇ ರೊಕ್ಕ ಹಾಕೋ ವ್ಯವಸ್ಥಾ 2019ರಿಂದ ನಡದದ. ನಮ್ಮಲ್ಲಿ ಅದು ಹೊಲದ ಬದುವಿಗೆ ಬಿದ್ದು ಮೊಮ್ಮಕ್ಕಳ ಕಾಲಕ್ಕೂ ಹಂಗೇ ಇರ್ತದ.

ಇನ್ನೊಂದು ಮಾತು ಬಂತು, ಪ್ರವಾಹ ಬಂದ್ರ ಊರಿಗೆ ಉಪಯೋಗ ಆಗ್ತದ ಅಂತ. 2020ರ ಅಕ್ಟೋಬರ್‌ನ್ಯಾಗ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಕಡೆ ಹಳ್ಳಿಗಳು ನೀರಾಗ ಹೋದದ್ದು ಯಾರೂ ಮರೆತಿಲ್ಲ. 2018ರ ಆಗಸ್ಟ್‌ನ್ಯಾಗ ಕೇರಳದ ಮೀನುಗಾರರು ತಮ್ಮ ಬೋಟು ಲಾರಿ ಮ್ಯಾಲ ಹೇರಿಕೊಂಡು ಬಂದು ಸಾವಿರಾರು ಜನರನ್ನ ಉಳಿಸಿದ್ರು, ಅದೂ ಖರೆ. ಆದ್ರ ಅವು ಹಿಂದಿನ ದಿನದ ತನಕ ಸಮುದ್ರದಾಗ ದುಡದ ಬೋಟು. ಹಿಡಿದ ಕೈಗಳೂ ದಿನಾ ದುಡದ ಕೈ. ಆ ಜನರನ್ನ ಉಳಿಸಿದ್ದು ರೂಢಿ. ವರ್ಷಕ್ಕೊಮ್ಮೆ ನೀರಿಗೆ ಇಳಿಯೋ ಬೋಟು, ಈಜು ಬರದ ನಾವು, ಪ್ರವಾಹದಾಗ ಹೋದ್ರ ಉಳಿಸಬೇಕಾದವರ ಪಟ್ಟಿನ್ಯಾಗ ಇನ್ನ ನಾಲ್ಕು ಹೆಸರು ಸೇರ್ತಾವ, ಅಷ್ಟೇ.

ಕಾಯ್ದೆದ್ದೂ ಅದ. ಇಂಜಿನ್ ಕೂಡಿಸಿದ ಬೋಟು 2021ರ ಒಳನಾಡು ನೌಕೆಗಳ ಕಾಯ್ದೆ ಒಳಗ ಬರ್ತದ, ತಪಾಸಣಾ, ನೋಂದಣಿ, ವಿಮಾ ಎಲ್ಲಾ ಬೇಕು. ಡ್ಯಾಮಿನ ನೀರು ಸರ್ಕಾರದ್ದು, ಅಲ್ಲಿ ಇಳಿಸಬೇಕಂದ್ರ ಪರವಾನಗಿ ಕೇಳಬೇಕು.

ಇಷ್ಟಾದ್ರೂ ನನ್ನ ಮನಸ್ಸು ಪೂರಾ ಒಪ್ಪಿರಲಿಲ್ಲ. ಕಡೀಗೆ ನಿರ್ಧಾರ ಮಾಡಿಸಿದ್ದು ನಮ್ಮ ಹೊಲಕ್ಕ ಕಳೆ ತೆಗೀಲಿಕ್ಕೆ ಬರೋ ಒಬ್ಬ ಅವ್ವ. ಬೋಟಿನ ಸುದ್ದಿ ಕೇಳಿ ಆಕಿ ಅಂದಳು, "ಯಪ್ಪಾ, ಮೊದಲ ನಿನ್ನ ಹೆಂಡತಿ ಮಕ್ಕಳನ್ನ ಕೂಡಿಸಿಕೊಂಡು ಹತ್ತು ಸಲ ಹೋಗಿ ಬಾ, ಆಮ್ಯಾಲ ನಾವು ಕೂಡ್ತೀವಿ." ಆ ಕೊಳೆತ ಹಲಗಿ ಕಣ್ಣ ಮುಂದ ಬಂತು. ನನ್ನ ಕೈಯಾರೆ ಹಚ್ಚಿದ ತ್ಯಾಪಿ ಮ್ಯಾಲ ನನ್ನ ಮಕ್ಕಳನ್ನ ಕೂಡಿಸ್ತೀನೇನು? ಇಲ್ಲ. ಹಂಗಾದ್ರ ದಿನದ ಕೂಲಿಗೆ ಬರೋ ಆಕೀನ ಹೆಂಗ ಕೂಡಿಸ್ಲಿ?

ತಗೊಳ್ಳಲಿಲ್ಲ. ಮಾರೋವರಿಗೂ ಹಲಗಿ ಕೊಳೆತದ್ದು ಸ್ಪಷ್ಟ ಹೇಳಿ ಬಂದೆ, ಮುಂದಿನವರಿಗೆ ಮುಚ್ಚಿಡಬ್ಯಾಡ್ರಿ ಅಂತನೂ ಅಂದೆ.

ಹಳೇ ಬೋಟು ಯಾರೂ ತಗೋಬಾರದು ಅಂತ ನನ್ನ ವಾದ ಅಲ್ಲ. ತಳ ಎಲ್ಲಾ ಕಡೆ ಟಣ್ ಅಂದ್ರ, ಹಲಗಿ ಗಟ್ಟಿ ಇದ್ರ, ಈ ಕೆಲಸ ಒಮ್ಮೆ ಕೈಯಾರೆ ಮಾಡಿದವನು ಜೊತಿಗೆ ಇದ್ರ, ತಗೋರಿ. ರಿಪೇರಿ ಮಾಡೋದೇ ನಿಮಗ ಖುಷಿ ಅಂದ್ರೂ ತಗೋರಿ, ಆದ್ರ ಅದನ್ನ ಹವ್ಯಾಸ ಅಂತ ವಹಿನ್ಯಾಗ ಬರೀರಿ, ಹೊಲದ ಖರ್ಚು ಅಂತ ಬರೀಬ್ಯಾಡ್ರಿ.

ನಾವು ನಾಲ್ಕೂ ಮನೆಯವರು ಒಂದು ನಿರ್ಧಾರ ಮಾಡೀವಿ. ಜಾಕೆಟ್ ಮೊದಲು ತಗೋತೀವಿ. ಮುಂದಿನ ಮಳಿಗಾಲದಾಗ ಹಿನ್ನೀರಿನ್ಯಾಗ ದಿನಾ ಬಲಿ ಬೀಸೋ ಮೀನುಗಾರರಿಗೆ ದಿನದ ಲೆಕ್ಕ ಕೊಟ್ಟು, ಅವರ ಹರಗೋಲಿನ್ಯಾಗ ಸಲಕ್ಕ ಮೂರೇ ಜನ ದಾಟೋದು. ಗಾಳಿ ಬಿಟ್ಟ ದಿನ 11 ಕಿಲೋಮೀಟರ್ ಸುತ್ತೇ ಸೈ. ಇದರ ಜೋಡಿ ದಾರಿ ಎತ್ತರಿಸಿ ಕೊಡ್ರಿ ಅಂತ ಕೂಡಿ ಅರ್ಜಿ ಹಾಕೋದು. ಹಿನ್ನೀರಿನ ದಂಡಿಗೆ ಹೊಲ ಇದ್ದವ್ರು ಯಾರಿದ್ರೂ ಸಹಿ ಹಾಕ್ಲಿಕ್ಕೆ ಬರ್ರಿ, ಬರೋ ಸೋಮವಾರ ಮುಂಜಾನೆ ನಾನು ಹೊಲದಾಗೇ ಇರ್ತೀನಿ.