ಪುರ ಗ್ರಾಮದ ಸಗಣಿಯೂ ನಮ್ಮ ವಿದ್ಯುನ್ನೀತಿಯೂ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದುದನ್ನೂ, ಮೂರು ವರ್ಷಗಳ ತರುವಾಯ ಬೆಂಗಳೂರಿನ ಬೀದಿಗಳು ಬೆಳಗಿದುದನ್ನೂ ಅಭಿಮಾನದಿಂದ ಸ್ಮರಿಸುವ ನಾವು, ಆ ತಂತಿಗಳ ಕೆಳಗಣ ಹಳ್ಳಿಗಳು ಬಹುಕಾಲ ಸೀಮೆಎಣ್ಣೆಯ ಬುಡ್ಡಿಯನ್ನೇ ನೆಚ್ಚಿಕೊಂಡಿದ್ದುವೆಂಬುದನ್ನು ನೆನೆಯುವುದು ವಿರಳ. ದೂರದ ತಂತಿಗಾಗಿ ಕಾಯದೆ ಊರಿನ ಶಕ್ತಿಯನ್ನು ಊರಿನಲ್ಲಿಯೇ ಪಡೆಯುವ ಯತ್ನಗಳಲ್ಲಿ, ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ್ದು ನನಗೆ ಅತ್ಯಂತ ಬೋಧಪ್ರದವಾಗಿ ತೋರುತ್ತದೆ.

ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭಿಸಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದ ವಿಜ್ಞಾನಿಗಳು ಅಲ್ಲಿ ಮೊದಲು ಸಂಕಲ್ಪಿಸಿದ್ದು, ಗೋಬರ್ ಗ್ಯಾಸನ್ನು ಮನೆಮನೆಯ ಒಲೆಗೆ ಒದಗಿಸುವುದನ್ನು. ಆದರೆ ಎಲ್ಲ ಒಲೆಗಳಿಗೂ ಸಾಲುವಷ್ಟು ಸಗಣಿಯಿರಲಿಲ್ಲ. ಮೇಲಾಗಿ, ಸೌದೆಯನ್ನು ಹೇಗೂ ಆಯ್ದು ತರುತ್ತಿದ್ದ ಜನಕ್ಕೆ ಬೇಕಾದುದು ಒಲೆಗಿಂತ ಮೊದಲು ಶುದ್ಧವಾದ ನೀರು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ನಡೆದು, ಕೊಳವೆಬಾವಿಯ ನೀರು ನಲ್ಲಿಗಳಿಗೆ ಬಂದು, ಮನೆಗಳಲ್ಲಿ ಟ್ಯೂಬ್‌ಲೈಟುಗಳು ಹೊತ್ತಿದುವು. ಯಂತ್ರವನ್ನು ನಡೆಸಿದವರು ಊರಿನ ತರುಣರೇ. ಸಗಣಿ ತಂದವರಿಗೆ ಅನಿಲ ಕಳೆದುಳಿದ ಬಗ್ಗಡ ಗೊಬ್ಬರಕ್ಕೆಂದು ಮರಳುತ್ತಿದ್ದುದಲ್ಲದೆ, ಹೊತ್ತು ತಂದ ಶ್ರಮಕ್ಕೆ ಕಿಲೋಗ್ರಾಮಿಗೆ ಎರಡು ಪೈಸೆಯೂ ಸಲ್ಲುತ್ತಿತ್ತು. (ಎರಡು ಪೈಸೆಯೇ ಎಂದು ನಗುವವರು ಸಗಣಿಯ ಮಂಕರಿಯನ್ನು ತಲೆಯ ಮೇಲೆ ಹೊತ್ತವರಲ್ಲ.) ನೀರಿಗೂ ದೀಪಕ್ಕೂ ಪ್ರತಿ ಮನೆಯವರು ಶುಲ್ಕ ತೆರುತ್ತಿದ್ದರು.

ತಂತಿಯು ಈಗ ಹಳ್ಳಿಹಳ್ಳಿಗೂ ತಲಪಿರುವಾಗ ಇದೆಲ್ಲ ಏತಕ್ಕೆಂಬ ಪ್ರಶ್ನೆಯನ್ನು ಕೇಳುವವರುಂಟು. ಕಾಡಂಚಿನ ಹಾಡಿಗಳಲ್ಲಿಯೂ ಮಲೆನಾಡಿನ ಒಂಟಿಮನೆಗಳಲ್ಲಿಯೂ, ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕತ್ತಲಾಗುವಾಗ, ಹಳ್ಳದ ನೀರಿನಿಂದ ತಿರುಗುವ ಪುಟ್ಟ ಟರ್ಬೈನೋ ಸೌರಫಲಕವೋ ಆ ಪ್ರಶ್ನೆಗೆ ಉತ್ತರವಾದೀತು. ಆದರೆ ಹಳ್ಳವು ಬೇಸಗೆಯಲ್ಲಿ ಬತ್ತುತ್ತದೆ. ಸೌರಫಲಕವು ಇಪ್ಪತ್ತು ವರ್ಷಕ್ಕೂ ಮೀರಿ ಬಾಳುವುದಾದರೂ ಅದರ ಜೊತೆಯ ಬ್ಯಾಟರಿಯು ಕೆಲವೇ ವರ್ಷಗಳಲ್ಲಿ ನಿಸ್ಸತ್ತ್ವವಾಗುತ್ತದೆ. ಉದ್ಘಾಟನೆಯ ದಿನ ಧಾರಾಳವಾಗುವ ಸಬ್ಸಿಡಿಯು ಬ್ಯಾಟರಿ ಬದಲಿಸುವ ದಿನ ಅದೃಶ್ಯವಾಗುವುದೇ ನಮ್ಮ ಯೋಜನೆಗಳ ಮೂಲದೋಷವೆಂದು ನಾನು ಭಾವಿಸುತ್ತೇನೆ. 1995ರಲ್ಲಿ ಮೊದಲಾದ ಸೆಲ್ಕೋ ಸಂಸ್ಥೆಯು ಸೌರದೀಪದೊಡನೆ ಬ್ಯಾಂಕಿನ ಸಾಲದ ಏರ್ಪಾಡನ್ನೂ ದುರಸ್ತಿಯ ವ್ಯವಸ್ಥೆಯನ್ನೂ ಹಳ್ಳಿಗೆ ಕೊಂಡೊಯ್ದುದು ಈ ದೋಷವನ್ನು ಅರಿತ ವಿವೇಕ.

ಆದುದರಿಂದ ಸರ್ಕಾರವು ಇಂಥ ಯೋಜನೆಗಳ ಅನುದಾನವನ್ನೆಲ್ಲ ಮೊದಲ ದಿನವೇ ಗುತ್ತಿಗೆದಾರನ ಕೈಗಿಡದೆ, ಅದರ ಒಂದು ಪಾಲನ್ನು ಗ್ರಾಮ ಪಂಚಾಯಿತಿಯ ದುರಸ್ತಿನಿಧಿಯಲ್ಲಿ ಇರಿಸಿ, ಊರಿನ ಇಬ್ಬರಿಗಾದರೂ ರಿಪೇರಿಯ ಕೆಲಸವನ್ನು ಕಲಿಸಿ ಸಂಬಳ ಗೊತ್ತುಮಾಡಲಿ. ಉಳಿದ ಕಂತನ್ನು, ಐದನೆಯ ವರ್ಷದಲ್ಲಿ ಇನ್ನೂ ಉರಿಯುತ್ತಿರುವ ದೀಪಗಳನ್ನು ಎಣಿಸಿದ ಮೇಲೆಯೇ ಬಿಡುಗಡೆ ಮಾಡಲಿ.