ಗೆಜ್ಜೆ ಕಟ್ಟುವವರಿಗೂ ಗೋಪುರ ಕಟ್ಟುವವರಿಗೂ ಒಂದೇ ವಿಮೆಯೇ?



ಟೆಕ್ಸಸ್‌ನ ನಮ್ಮ ಊರಿನ ಸರ್ಕಾರಿ ವಿಶ್ವವಿದ್ಯಾಲಯವೊಂದರ ರಂಗಭೂಮಿ ವಿಭಾಗದಲ್ಲಿ ಕಳೆದ ಫೆಬ್ರವರಿಯಲ್ಲಿ ಎರಡು ದಿನಗಳ ಯಕ್ಷಗಾನ ಕಮ್ಮಟ ನಡೆಯಬೇಕಾಗಿತ್ತು, ನಡೆಯಲಿಲ್ಲ. ಆ ಸುದ್ದಿಯನ್ನು ನಮ್ಮ ವಾರ್ತಾಪತ್ರವು 'ಅನಿವಾರ್ಯ ಕಾರಣಗಳಿಂದ' ಎಂಬ ಎರಡು ಪದಗಳಲ್ಲಿ ಮುಗಿಸಿತು. ಆ ಎರಡು ಪದಗಳನ್ನು ಬರೆದವನು ಆಗ ಸಂಘದ ಖಜಾಂಚಿಯಾಗಿದ್ದ ನಾನೇ. ಕಾರಣವು ಅನಿವಾರ್ಯವಾಗಿರಲಿಲ್ಲವೆಂದು ನನಗೆ ಅಂದೂ ಗೊತ್ತಿತ್ತು. ಆದುದರಿಂದ ಈ ಬರೆಹವನ್ನು ತಪ್ಪೊಪ್ಪಿಗೆಯೆಂದೂ ಓದಬಹುದು, ತಕರಾರೆಂದೂ ಓದಬಹುದು.

ನಡೆದದ್ದು ಇಷ್ಟು. ನಮ್ಮ ಮಕ್ಕಳಿಗೆ ಶನಿವಾರಗಳಂದು ಹೆಜ್ಜೆ ಕಲಿಸುವ ಕರಾವಳಿಯ ಹಿರಿಯರೊಬ್ಬರನ್ನು ನಾವೆಲ್ಲ ಗುರುಗಳೆಂದೇ ಕರೆಯುತ್ತೇವೆ. ಅವರನ್ನು ವಿಭಾಗದ ಪ್ರಾಧ್ಯಾಪಕಿಯೊಬ್ಬರು ಗೌರವದಿಂದ ಆಹ್ವಾನಿಸಿದರು. ಮೊದಲ ದಿನ ಬಣ್ಣಗಾರಿಕೆ ಮತ್ತು ವೇಷ ಕಟ್ಟುವ ಕ್ರಮ, ಎರಡನೆಯ ದಿನ ತಾಳ ಮತ್ತು ಹೆಜ್ಜೆ. ಇಪ್ಪತ್ತು ಮಂದಿ ವಿದ್ಯಾರ್ಥಿಗಳು. ಗೌರವಧನ 600 ಡಾಲರ್. ಎಲ್ಲರೂ ಒಪ್ಪಿದ ಮೇಲೆ ವಿಶ್ವವಿದ್ಯಾಲಯದ ಖರೀದಿ ಕಚೇರಿಯಿಂದ ಒಪ್ಪಂದ ಪತ್ರ ಬಂದಿತು. ಅದರಲ್ಲಿ ಗುರುಗಳ ಹೆಸರು 'ಗುತ್ತಿಗೆದಾರ' ಎಂಬ ಪದದ ಮುಂದೆ ಇತ್ತು. ವಿಮೆಯ ಪುಟದಲ್ಲಿ ಹೀಗಿತ್ತು: ಪ್ರತಿ ಘಟನೆಗೆ 10 ಲಕ್ಷ ಡಾಲರ್, ವರ್ಷಕ್ಕೆ ಒಟ್ಟು 20 ಲಕ್ಷ ಡಾಲರ್ ಮೊತ್ತದ ಸಾಮಾನ್ಯ ಹೊಣೆಗಾರಿಕೆ ವಿಮೆ; 10 ಲಕ್ಷ ಡಾಲರಿನ ವಾಹನ ಹೊಣೆಗಾರಿಕೆ ವಿಮೆ; ಕಾರ್ಮಿಕರ ಪರಿಹಾರ ವಿಮೆ; ವಿಶ್ವವಿದ್ಯಾಲಯವನ್ನು 'ಅಡಿಷನಲ್ ಇನ್ಶೂರ್ಡ್' ಆಗಿ ಪಾಲಿಸಿಯೊಳಗೆ ಸೇರಿಸತಕ್ಕದ್ದು; ವಿಮಾ ಕಂಪನಿಯು ಎ.ಎಂ. ಬೆಸ್ಟ್ ಸಂಸ್ಥೆಯ ದರ್ಜೆಯಲ್ಲಿ 'ಎ ಮೈನಸ್' ಅಥವಾ ಅದಕ್ಕಿಂತ ಮೇಲಿರತಕ್ಕದ್ದು.

ಗುರುಗಳು ಅದನ್ನು ನನ್ನಿಂದ ಓದಿಸಿ ಕೇಳಿದರು. ಬಳಿಕ, "ಮಾರಾಯ್ರೇ, ನಾನೇನು ಅವರ ಮಾಡು ಬಿಚ್ಚಿ ಹೊಸ ಹೆಂಚು ಹೊದಿಸಲಿಕ್ಕೆ ಹೋಗುವವನಾ?" ಎಂದರು.

ಪ್ರಶ್ನೆಯು ತಮಾಷೆಯಂತೆ ಕೇಳಿಸಿದರೂ ಅದರಲ್ಲಿ ವಿಷಯದ ತಿರುಳಿದೆ. ಆ ನಮೂನೆಯನ್ನು ರಚಿಸಿದ್ದು ಮಾಡು ಬಿಚ್ಚುವವರಿಗಾಗಿಯೇ: ಛಾವಣಿ, ವಿದ್ಯುತ್ತು, ಲಿಫ್ಟು, ಕ್ರೇನುಗಳ ಕೆಲಸಕ್ಕಾಗಿ. ಅಂತಹ ಕೆಲಸದಲ್ಲಿ ಒಂದು ಬೋಲ್ಟು ಸಡಿಲವಾದರೆ ಜೀವ ಹೋಗುತ್ತದೆ. ಅಲ್ಲಿ 10 ಲಕ್ಷವೂ ಸಾಲದು. ಅದೇ ಕಾಗದವನ್ನು ಎರಡು ಜೊತೆ ಗೆಜ್ಜೆ, ಒಂದು ಬಣ್ಣದ ಪೆಟ್ಟಿಗೆ ಹಿಡಿದು ಬರುವವರ ಮುಂದೆಯೂ ಇಡುವುದನ್ನು ನಾನು ಎಚ್ಚರಿಕೆಯೆಂದು ಕರೆಯಲಾರೆ. ಅದು ಸೋಮಾರಿತನ.

ಆದರೂ ನಾವು ಪ್ರಯತ್ನಪಟ್ಟೆವು. ಮಿಂಬಲೆಯಲ್ಲಿ ವಿಮೆ ಮಾರುವವರ ಅರ್ಜಿಯಲ್ಲಿ ಯಕ್ಷಗಾನಕ್ಕೆ ಸ್ಥಳವಿರಲಿಲ್ಲ; ಅತಿ ಹತ್ತಿರದ ವರ್ಗವೆಂದರೆ ಮಕ್ಕಳ ಹುಟ್ಟುಹಬ್ಬಗಳಲ್ಲಿ ಮುಖಕ್ಕೆ ಚಿಟ್ಟೆ, ಹುಲಿ ಬಿಡಿಸುವ 'ಫೇಸ್ ಪೇಂಟಿಂಗ್'. ಬಡಗುತಿಟ್ಟಿನ ಬಣ್ಣಗಾರಿಕೆಗೆ ಆ ಗತಿ ಬಂದದ್ದನ್ನು ಗುರುಗಳಿಗೆ ನಾನು ಹೇಳಲಿಲ್ಲ. ಆ ವರ್ಗದಲ್ಲಿ ಸಾಮಾನ್ಯ ಹೊಣೆಗಾರಿಕೆಯ ವಿಮೆಯೇನೋ ಗೌರವಧನಕ್ಕಿಂತ ಕಡಿಮೆಗೆ ದೊರೆಯುವಂತಿತ್ತು. ತೊಡಕಾದದ್ದು ವಾಹನದ್ದು. ಟೆಕ್ಸಸ್ ಕಾನೂನು ರಸ್ತೆಗಿಳಿಯುವ ಚಾಲಕರಿಂದ ಕೇಳುವ ಕನಿಷ್ಠ ಹೊಣೆಗಾರಿಕೆ ವಿಮೆಯು ಗಾಯಗೊಂಡ ಒಬ್ಬ ವ್ಯಕ್ತಿಗೆ 30,000, ಒಂದು ಅಪಘಾತಕ್ಕೆ 60,000, ಆಸ್ತಿಹಾನಿಗೆ 25,000 ಡಾಲರ್. ಗುರುಗಳ ವಿಮೆ ಅದಕ್ಕಿಂತ ಸಾಕಷ್ಟು ಮೇಲಿತ್ತು. ಆದರೂ ಮನೆಬಳಕೆಯ ಕಾರಿಗೆ 10 ಲಕ್ಷದ ಮಿತಿ ಕೊಡಲು ಅವರ ಕಂಪನಿ ಒಪ್ಪಲಿಲ್ಲ. ವಾಣಿಜ್ಯ ವಾಹನದ ಪಾಲಿಸಿ ಬೇಕೆಂದರು. ಅದರ ವಾರ್ಷಿಕ ಕಂತು ಗೌರವಧನದ ಹಲವು ಪಟ್ಟು. ಊರಿನೊಳಗೆ ಹಾಗೂ ಹೆದ್ದಾರಿಯಲ್ಲಿ ಚಲಿಸಲು ರಾಜ್ಯಕ್ಕೆ ಒಪ್ಪಿಗೆಯಾದ ಕಾರು, ವಿಶ್ವವಿದ್ಯಾಲಯದ ಪಾರ್ಕಿಂಗ್ ಜಾಗಕ್ಕೆ ಮಾತ್ರ ಅಯೋಗ್ಯವಾಯಿತು.

ಕಾರ್ಮಿಕರ ಪರಿಹಾರದ ಷರತ್ತು ಇನ್ನೂ ವಿಚಿತ್ರ. ಟೆಕ್ಸಸ್‌ನಲ್ಲಿ ಖಾಸಗಿ ಉದ್ಯೋಗದಾತರಿಗೆ ಸಾಮಾನ್ಯವಾಗಿ ಆ ವಿಮೆ ಕಡ್ಡಾಯವಲ್ಲ. ಗುರುಗಳಿಗಂತೂ ಕಾರ್ಮಿಕರೇ ಇಲ್ಲ. ಇಲ್ಲದ ಕಾರ್ಮಿಕರಿಗೆ ವಿಮೆ ಮಾಡಿಸಿ, ಅದರ ಪ್ರಮಾಣಪತ್ರವನ್ನು ಲಗತ್ತಿಸಬೇಕಾಗಿತ್ತು. ವಿನಾಯಿತಿ ಕೋರಿ ಬರೆದ ಎರಡು ಪತ್ರಗಳಿಗೆ ಬಂದ ಉತ್ತರ ಒಂದೇ: ನಮೂನೆಯನ್ನು ಬದಲಿಸುವ ಅಧಿಕಾರ ಈ ಕಚೇರಿಗಿಲ್ಲ.

ಈಗ ಎದುರು ಪಕ್ಷದ ಮಾತನ್ನೂ ಕೇಳೋಣ. ವಿಶ್ವವಿದ್ಯಾಲಯಗಳ ಭಯ ನಿರಾಧಾರವಾದುದಲ್ಲ. 1999ರ ನವೆಂಬರ್ 18ರ ಬೆಳಗಿನ ಜಾವ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ, ಫುಟ್‌ಬಾಲ್ ಪಂದ್ಯದ ಮುನ್ನ ಸಾಂಪ್ರದಾಯಿಕವಾಗಿ ಹೊತ್ತಿಸುತ್ತಿದ್ದ ಬೃಹತ್ ಅಗ್ಗಿಷ್ಟಿಕೆಗಾಗಿ ಜೋಡಿಸುತ್ತಿದ್ದ ಮರದ ದಿಮ್ಮಿಗಳ ರಾಶಿ ಕುಸಿದು 12 ಮಂದಿ ಸತ್ತರು. ನಮ್ಮಲ್ಲಿ ಕೆಲವರ ಮಕ್ಕಳು ಇಂದು ಅದೇ ಆವರಣದಲ್ಲಿ ಓದುತ್ತಿದ್ದಾರೆ. ಅಲ್ಲಿನ ಸ್ಮಾರಕವನ್ನು ನೋಡಿ ಬಂದವರೂ ಇದ್ದಾರೆ. ಇಂತಹ ದುರಂತಗಳ ನೆನಪಿರುವ ಸಂಸ್ಥೆಯು ಹೊಣೆಗಾರಿಕೆಯ ಬಗ್ಗೆ ಕಟ್ಟುನಿಟ್ಟಾದರೆ ಅದನ್ನು ಹಾಸ್ಯ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ದುರಂತದ ತನಿಖಾ ಆಯೋಗವು ಹೇಳಿದ್ದೇನು? ರಚನೆಯ ದೋಷಗಳ ಜೊತೆಗೆ, ಅಷ್ಟು ದೊಡ್ಡ ಕಟ್ಟೋಣವನ್ನು ತಜ್ಞರ ಮೇಲ್ವಿಚಾರಣೆಯಿಲ್ಲದೆ ನಡೆಯಗೊಟ್ಟ ಸಂಸ್ಥೆಯ ರೀತಿಯನ್ನೂ ಅದು ಎತ್ತಿ ತೋರಿತು. ಎಂದರೆ ನೋಡಬೇಕಾದದ್ದು ಕೆಲಸವನ್ನು: ಅದರ ಎತ್ತರ, ತೂಕ, ಬೆಂಕಿ, ವಿದ್ಯುತ್ತು, ಅದನ್ನು ಮಾಡುವವರ ಅನುಭವ. ಕಾಗದವನ್ನು ನೋಡಿ ಕೆಲಸವನ್ನು ನೋಡದಿರುವುದು ಆ ದುರಂತದಿಂದ ಕಲಿತ ಪಾಠವಾಗಲಾರದು.

ಇನ್ನು ಆ ಕಾಗದದ ಯೋಗ್ಯತೆಯೇನು? ವಿಮಾ ಏಜೆಂಟರು ಕಳುಹಿಸುವ ಪ್ರಮಾಣಪತ್ರವು ಬಹುಮಟ್ಟಿಗೆ 'ಅಕಾರ್ಡ್ 25' ಎಂಬ ಒಂದೇ ಹಾಳೆಯ ನಮೂನೆ. ಅದರ ನೆತ್ತಿಯಲ್ಲೇ, ಇದು ಕೇವಲ ಮಾಹಿತಿಗಾಗಿ, ಇದನ್ನು ಪಡೆದವರಿಗೆ ಇದರಿಂದ ಯಾವ ಹಕ್ಕೂ ಬರುವುದಿಲ್ಲ ಎಂಬ ಅರ್ಥದ ಮಾತು ಅಚ್ಚಾಗಿರುತ್ತದೆ. ರಕ್ಷಣೆ ಇರುವುದು ಪಾಲಿಸಿಯಲ್ಲಿ, ಅದಕ್ಕೆ ಅಂಟಿಸಿದ ಅನುಬಂಧಗಳಲ್ಲಿ, ಅದರ ಹೊರಗಿಟ್ಟ ವಿಷಯಗಳ ಪಟ್ಟಿಯಲ್ಲಿ. 600 ಡಾಲರಿನ ಕೆಲಸಕ್ಕೆ ಇವುಗಳನ್ನೆಲ್ಲ ತರಿಸಿ ಓದುವ ಪುರುಸೊತ್ತು ಯಾವ ಖರೀದಿ ಕಚೇರಿಗಿದೆ? ಹಾಳೆ ಬಂದಿತು, ಕಡತಕ್ಕೆ ಸೇರಿತು, ಚೌಕದಲ್ಲಿ ಗುರುತು ಬಿದ್ದಿತು.

ನನ್ನ ಮುಖ್ಯ ತಕರಾರು ಇದಕ್ಕಿಂತ ಆಳವಾದದ್ದು. ಟೆಕ್ಸಸ್‌ನ ಸರ್ಕಾರಿ ವಿಶ್ವವಿದ್ಯಾಲಯವು ಕಾನೂನಿನ ದೃಷ್ಟಿಯಲ್ಲಿ ರಾಜ್ಯದ ಅಂಗ. ರಾಜ್ಯದ ಮೇಲೆ, ಅದರ ಒಪ್ಪಿಗೆಯಿಲ್ಲದೆ, ದಾವೆ ಹೂಡಲಾಗದು. ಆ ಒಪ್ಪಿಗೆಯನ್ನು ಕೆಲವೇ ಸಂದರ್ಭಗಳಿಗೆ ಕೊಟ್ಟದ್ದು 1969ರ ಟೆಕ್ಸಸ್ ಟಾರ್ಟ್ ಕ್ಲೇಮ್ಸ್ ಶಾಸನ. ಅದರ ಅಡಿಯಲ್ಲಿ ಗಾಯ ಅಥವಾ ಸಾವಿನ ದಾವೆ ಗೆದ್ದರೂ ರಾಜ್ಯದ ಸಂಸ್ಥೆಯಿಂದ ಒಬ್ಬ ವ್ಯಕ್ತಿಗೆ 2,50,000 ಡಾಲರ್, ಒಂದು ಘಟನೆಗೆ 5,00,000 ಡಾಲರ್ ಮೀರಿ ದೊರೆಯುವಂತಿಲ್ಲ. ವಿಶ್ವವಿದ್ಯಾಲಯದ ನೆಲ ಜಾರಿ ವಿದ್ಯಾರ್ಥಿಯೊಬ್ಬನ ಬೆನ್ನುಮೂಳೆ ಮುರಿದರೆ ಅದು ತೆರಬೇಕಾದದ್ದಕ್ಕೆ ಹೀಗೆ ಮೇಲ್ಮಿತಿಯುಂಟು. ಗುರುಗಳ ಗೆಜ್ಜೆ ಎಡವಿ ಅದೇ ಬೆನ್ನು ಮುರಿದರೆ ಅವರಿಗೆ ಅಂತಹ ಮೇಲ್ಮಿತಿಯಿಲ್ಲ. ಅವರು 10 ಲಕ್ಷಕ್ಕೆ ಸಿದ್ಧರಾಗಿ ಬರಬೇಕು. ಸಾವಿರಾರು ಎಕರೆ, ನೂರಾರು ಕಟ್ಟಡ, ಸ್ವಂತ ವಕೀಲರ ಪಡೆ ಇರುವ ಸಂಸ್ಥೆಯು ತನ್ನ ಹೊಣೆಗೆ ಬೇಲಿ ಹಾಕಿಕೊಂಡು, ಎರಡು ದಿನದ ಅತಿಥಿಯ ಹೊಣೆಯನ್ನು ತನಗಿರುವುದರ ಕನಿಷ್ಠ ಎರಡು ಪಟ್ಟಾಗಿ ನಿಗದಿಪಡಿಸುತ್ತದೆ. ಇದನ್ನು ನ್ಯಾಯವೆನ್ನಬಹುದೇ?

ಅಷ್ಟೇ ಅಲ್ಲ. 'ಅಡಿಷನಲ್ ಇನ್ಶೂರ್ಡ್' ಎಂದರೆ, ಗುರುಗಳು ಕಂತು ಕಟ್ಟಿದ ಪಾಲಿಸಿಯ ಆಸರೆಯಲ್ಲಿ ವಿಶ್ವವಿದ್ಯಾಲಯವೂ ನಿಲ್ಲುತ್ತದೆ. 'ವೇವರ್ ಆಫ್ ಸಬ್ರೊಗೇಶನ್' ಎಂದರೆ, ವಿಮಾ ಕಂಪನಿಯು ಪರಿಹಾರ ತೆತ್ತ ಮೇಲೆ, ತಪ್ಪು ವಿಶ್ವವಿದ್ಯಾಲಯದ್ದೇ ಆಗಿದ್ದರೂ ಅದರಿಂದ ಹಣ ವಸೂಲು ಮಾಡುವ ಹಕ್ಕನ್ನು ಮುಂಚಿತವಾಗಿಯೇ ಬಿಟ್ಟುಕೊಡುತ್ತದೆ. ಈ ಎರಡೂ ಆ ಪುಟದಲ್ಲಿದ್ದವು. ಗುತ್ತಿಗೆದಾರನು ವಿಶ್ವವಿದ್ಯಾಲಯಕ್ಕಾದ ನಷ್ಟವನ್ನು ತುಂಬಿಕೊಡತಕ್ಕದ್ದೆಂಬ ಷರತ್ತೂ ಇತ್ತು. ಅದು ಪರಸ್ಪರವಾಗಿರಲಿ ಎಂದು ಕೇಳಿದಾಗ, ರಾಜ್ಯದ ಸಂವಿಧಾನವು ತಮಗೆ ಅದಕ್ಕೆ ಅವಕಾಶ ಕೊಡುವುದಿಲ್ಲವೆಂದರು. ಇದ್ದರೂ ಇರಬಹುದು. ಆದರೆ ತಾನು ಕೊಡಲಾಗದ ಭರವಸೆಯನ್ನು ಅತಿಥಿಯಿಂದ ಕೇಳುವಾಗ ಸ್ವಲ್ಪವಾದರೂ ಸಂಕೋಚವಿರಬೇಕಾಗಿತ್ತು.

ಗಾಯಗೊಂಡವರ ಗತಿಯೇನು ಎಂದು ನೀವು ಕೇಳಬಹುದು, ಕೇಳಲೇಬೇಕು. ಪರಿಹಾರ ಎಲ್ಲಿಂದಲಾದರೂ ಬರಲೇಬೇಕು. ಊಟ ಬಡಿಸುವವರಿಗೆ, ಟ್ರಸ್ಸಿನ ಮೇಲೆ ದೀಪ ತೂಗುಹಾಕುವವರಿಗೆ, ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯುವವರಿಗೆ ವಿಮೆ ಬೇಡವೆಂದು ನಾನು ಹೇಳುತ್ತಿಲ್ಲ. ನನ್ನ ವಾದವಿಷ್ಟೇ: ಕಡ್ಡಾಯವು ಅಪಾಯವನ್ನು ಹಿಂಬಾಲಿಸಲಿ, ಗುತ್ತಿಗೆದಾರನೆಂಬ ಪದವನ್ನಲ್ಲ. ನಮ್ಮ ತಾಯ್ನಾಡಿನ ಒಂದು ಕಾನೂನು ಇಲ್ಲಿ ನೆನಪಾಗುತ್ತದೆ. ಭೋಪಾಲದ ಅನಿಲ ದುರಂತದ ಬಳಿಕ, 1991ರಲ್ಲಿ ಭಾರತವು ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯನ್ನು ತಂದಿತು. ಅದು ವಿಮೆಯನ್ನು ಕಡ್ಡಾಯಗೊಳಿಸಿದ್ದು ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವವರಿಗೆ. ಆ ಕಾನೂನಿನ ಜಾರಿ ಹೇಗಿದೆಯೆಂಬುದು ಬೇರೆ ಚರ್ಚೆ. ಅದರ ತರ್ಕವಾದರೂ ನೆಟ್ಟಗಿದೆ.

ಈ ದೇಶದಲ್ಲೂ ದಾರಿಗಳಿಲ್ಲವೆಂದಲ್ಲ. ಹೊರಗಿನವರ ಕೆಲಸವನ್ನು ಕಡಿಮೆ, ಮಧ್ಯಮ, ಹೆಚ್ಚು ಅಪಾಯದ್ದೆಂದು ವಿಂಗಡಿಸಿ, ಕಡಿಮೆ ಅಪಾಯದ್ದಕ್ಕೆ ಷರತ್ತು ಸಡಿಲಿಸುವ ವಿಶ್ವವಿದ್ಯಾಲಯಗಳಿವೆ. ಆವರಣವನ್ನು ಬಳಸುವ ಹೊರಗಿನ ಸಂಘಟನೆಗಳಿಗೆಂದೇ ವಿಶ್ವವಿದ್ಯಾಲಯಗಳ ಅಪಾಯ ನಿರ್ವಹಣಾಧಿಕಾರಿಗಳ ಸಂಘವಾದ ಉರ್ಮಿಯಾ ರೂಪಿಸಿದ 'ಟ್ಯೂಲಿಪ್' ಎಂಬ ವಿಮಾ ಯೋಜನೆಯಿದೆ. ಒಂದು ದಿನದ ಕಾರ್ಯಕ್ರಮಕ್ಕೆ ಒಂದು ದಿನದ ಕಂತು ಕಟ್ಟಿದರೆ ಸಾಕು. ಸಂಘಟನೆಗಳಿಗೆ ತೆರೆದ ಈ ಬಾಗಿಲನ್ನು ಒಂಟಿ ಕಲಾವಿದರಿಗೂ ಪಾಠ ಹೇಳಲು ಬರುವವರಿಗೂ ತೆರೆಯುವುದು ಅಸಾಧ್ಯವೇನಲ್ಲ. ಕಂತನ್ನು ವಿಭಾಗವೇ ಕಟ್ಟಿ, ಬೇಕಿದ್ದರೆ ಗೌರವಧನದಲ್ಲಿ ಮುರಿದುಕೊಳ್ಳಲಿ. ಈಗ ನಡೆಯುತ್ತಿರುವುದೇನೆಂದರೆ, ವರ್ಷವಿಡೀ ಪಾಲಿಸಿ ಇಟ್ಟುಕೊಳ್ಳಬಲ್ಲ ದೊಡ್ಡ ಕಂಪನಿಗಳಷ್ಟೇ ಒಳಗೆ ಬರುತ್ತವೆ. ಜಗತ್ತಿನ ಕಲೆಗಳನ್ನು ವಿದ್ಯಾರ್ಥಿಗಳಿಗೆ ಪರಿಚಯಿಸುತ್ತೇವೆಂದು ಜಾಹೀರಾತಿನಲ್ಲಿ ಬರೆದುಕೊಳ್ಳುವ ಸಂಸ್ಥೆಯ ಹೆಬ್ಬಾಗಿಲಲ್ಲಿ ಕಲಾವಿದರನ್ನು ಆರಿಸುವವರು ಪ್ರಾಧ್ಯಾಪಕರಲ್ಲ, ವಿಮಾ ಕಂಪನಿಯವರು.

ಇಷ್ಟು ಹೇಳಿದ ಮೇಲೆ ನಮ್ಮ ಅಂಗಳವನ್ನೂ ಗುಡಿಸಬೇಕು. ಎರಡು ವರ್ಷಗಳ ಹಿಂದೆ ನಮ್ಮ ಸಮಿತಿಯು ಅಡುಗೆಯವರಿಗೂ ಧ್ವನಿವರ್ಧಕದವರಿಗೂ ಒಪ್ಪಂದ ಪತ್ರ ಬೇಕೆಂದು ತೀರ್ಮಾನಿಸಿತು. ನಾವು ಮಾಡಿದ್ದೇನು? ವಿಶ್ವವಿದ್ಯಾಲಯದ ನಮೂನೆಯನ್ನೇ ನಕಲು ಮಾಡಿ, ಅದರ ಹೆಸರಿದ್ದಲ್ಲಿ ಸಂಘದ ಹೆಸರು ಹಾಕಿದೆವು. ಅದರ ಫಲವನ್ನು ನೀವೆಲ್ಲ ಉಂಡಿದ್ದೀರಿ: ಯುಗಾದಿಗೂ ರಾಜ್ಯೋತ್ಸವಕ್ಕೂ ಅದೇ ಎರಡು ಹೋಟೆಲುಗಳ ಊಟ. ಪರವಾನಗಿಯುಳ್ಳ ಬಾಡಿಗೆ ಅಡುಗೆಮನೆಯಲ್ಲಿ ನೂರು ಜನಕ್ಕೆ ಬಿಸಿಬೇಳೆ ಭಾತು, ಹೋಳಿಗೆ ಮಾಡಿಕೊಡುತ್ತಿದ್ದ ನಮ್ಮ ಅಕ್ಕನೊಬ್ಬರು, ತಮ್ಮ ಬಳಿ ಇದ್ದ ವಿಮೆಯು ನಮ್ಮ ನಮೂನೆಯ ಮೊತ್ತಕ್ಕೆ ಸಾಲದೆಂಬ ಕಾರಣಕ್ಕೆ ಹಿಂದೆ ಸರಿದರು. ಅವರಲ್ಲಿ ವಿಮೆ ಇತ್ತು. ನಮಗೆ ಬೇಕಾದಷ್ಟು ಇರಲಿಲ್ಲ, ಅಷ್ಟೇ. ಎಷ್ಟು ಬೇಕೆಂದು ನಾವು ಲೆಕ್ಕ ಹಾಕಿದ್ದೆವೇ? ಇಲ್ಲ. ಆ ಪತ್ರಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಆದುದರಿಂದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎರಡು ಗೊತ್ತುವಳಿಗಳನ್ನು ಮಂಡಿಸಲಿದ್ದೇನೆ. ಮೊದಲನೆಯದು, ಸಂಘವು ತನ್ನ ಹೆಸರಿನಲ್ಲಿ ವರ್ಷಪೂರ್ತಿಯ ಹೊಣೆಗಾರಿಕೆ ವಿಮೆ ಪಡೆದು, ಕಲಾವಿದರು ಮತ್ತು ಶಿಕ್ಷಕರು ಸಂಘದ ಪರವಾಗಿ ಹೊರಗಿನ ಸಂಸ್ಥೆಗಳಲ್ಲಿ ಕಲಿಸುವಾಗಲೂ ಅದರ ರಕ್ಷಣೆಗೆ ಒಳಪಡುವಂತೆ ಪಾಲಿಸಿಯನ್ನು ಬರೆಸುವುದು. ಹೀಗಾದರೆ ವಿಶ್ವವಿದ್ಯಾಲಯದ ಒಪ್ಪಂದ ಸಂಘದೊಡನೆ ಇರುತ್ತದೆ, ಗುರುಗಳ ಹೆಗಲ ಮೇಲಲ್ಲ. ಕಂತಿಗೆ ಹಣವೆಲ್ಲಿ ಎಂದು ಕೇಳುವವರಿಗೆ ಹಳೆಯ ಖಜಾಂಚಿಯಾಗಿ ಹೇಳುತ್ತೇನೆ: ಕಳೆದ ವರ್ಷ ವೇದಿಕೆಯ ಹೂವಿನ ಅಲಂಕಾರಕ್ಕೆ ನಾವು ಖರ್ಚು ಮಾಡಿದ್ದನ್ನು ಒಮ್ಮೆ ತೆಗೆದು ನೋಡಿ. ಎರಡನೆಯದು, ನಮ್ಮ ನಕಲು ಒಪ್ಪಂದ ಪತ್ರವನ್ನು ರದ್ದುಗೊಳಿಸಿ, ಕೆಲಸದ ಅಪಾಯಕ್ಕೆ ತಕ್ಕಂತೆ ಹೊಸದನ್ನು ಬರೆಯುವುದು.

ನಮ್ಮ ಸದಸ್ಯರಲ್ಲಿ ಪ್ರಾಧ್ಯಾಪಕರಿದ್ದಾರೆ, ಆಡಳಿತ ಕಚೇರಿಗಳಲ್ಲಿ ದುಡಿಯುವವರಿದ್ದಾರೆ, ವರ್ಷವರ್ಷವೂ ತಾವು ಓದಿದ ವಿಶ್ವವಿದ್ಯಾಲಯಕ್ಕೆ ದೇಣಿಗೆ ಕಳುಹಿಸುವವರಿದ್ದಾರೆ. ಖರೀದಿ ಕಚೇರಿಯ ಗುಮಾಸ್ತರಿಗೆ ನಮೂನೆ ಬದಲಿಸುವ ಅಧಿಕಾರವಿಲ್ಲದಿರಬಹುದು. ಅಧಿಕಾರವಿರುವವರೊಡನೆ ಊಟಕ್ಕೆ ಕೂರುವವರು ನಮ್ಮಲ್ಲಿದ್ದಾರೆ. ತಮ್ಮ ಸಂಸ್ಥೆಯಲ್ಲಿ ಹೊರಗಿನ ಕಲಾವಿದರಿಗೆ, ಉಪನ್ಯಾಸಕರಿಗೆ ಯಾವ ವಿಮಾ ಷರತ್ತುಗಳಿವೆಯೆಂಬುದನ್ನು ವಿಚಾರಿಸಿ, ಸಾಧ್ಯವಾದರೆ ಖಾಲಿ ನಮೂನೆಯೊಂದನ್ನು ಸಭೆಗೆ ತರಬೇಕೆಂದು ಅಂತಹ ಪ್ರತಿಯೊಬ್ಬರನ್ನೂ ಕೋರುತ್ತೇನೆ. ಆ ಪ್ರಾಧ್ಯಾಪಕಿಯವರು ಮುಂದಿನ ವಸಂತಕ್ಕೆ ಮತ್ತೆ ದಿನಾಂಕ ಕಾದಿರಿಸಿದ್ದಾರೆ. ಗುರುಗಳನ್ನು ಇನ್ನೂ ಕೇಳಿಲ್ಲ. ಸಭೆ ಮುಗಿದ ಮೇಲೆ ಕೇಳೋಣವೆಂದು ಅವರಿಗೆ ನಾನೇ ತಿಳಿಸಿದ್ದೇನೆ.