ಗೃಹಸ್ಥನ ಕೈಗೆ ಥಾಪಿ ನಿಷಿದ್ಧವೇ?

ನಮ್ಮ ಚಿಕ್ಕೋಡಿ ಭಾಗದ ಸುಶಿಕ್ಷಿತರಲ್ಲಿ ಈಚೆಗೆ ಒಂದು ಮಾತು ರೂಢವಾಗಿದೆ. ಮಾಳಿಗೆ ಸೋರಿದರೂ ಗೋಡೆ ಬಿರಿದರೂ ಬಾಗಿಲು ಬಿಗಿಯಾದರೂ “ಏನು ಮಾಡುವದು, ಗೌಂಡಿ ಸಿಗುವದಿಲ್ಲ” ಎಂದು ಹೇಳಿ ಕೈಕಟ್ಟಿ ಕುಳಿತುಕೊಳ್ಳುವದು. ಗೌಂಡಿಯು ಕೊಲ್ಲಾಪುರಕ್ಕೋ ಇಚಲಕರಂಜಿಗೋ ದೊಡ್ಡ ಕೆಲಸ ಹಿಡಿದು ಹೋಗಿರುತ್ತಾನೆ. ಅರ್ಧ ದಿನದ ತೇಪೆಗೆಲಸಕ್ಕೆ ಅವನಾದರೂ ಏಕೆ ಬರಬೇಕು? ಹೀಗೆ ಯುಗಾದಿ ಕಳೆಯುತ್ತದೆ, ರೋಹಿಣಿ ಕಳೆಯುತ್ತದೆ, ಮಿರಗದ ಮಳೆ ಬಂದೇಬಿಡುತ್ತದೆ. ಆಮೇಲೆ ಪಡಸಾಲೆಯಲ್ಲಿ ಬೋಗುಣಿಗಳನ್ನಿಟ್ಟು ಹನಿ ಹಿಡಿಯುವದು. ಇದನ್ನು ಕೇವಲ ಆಲಸ್ಯವೆಂದು ನಾನು ಒಪ್ಪಲಾರೆನು. ಆಲಸ್ಯವಾಗಿದ್ದರೆ ನಾಚಿಕೆಯಾದರೂ ಇರುತ್ತಿತ್ತು. ಲೇಖಣಿ ಹಿಡಿದ ಕೈಯು ಥಾಪಿಯನ್ನು ಹಿಡಿಯಬಾರದೆಂಬ ಒಂದು ಗುಪ್ತವಾದ ಅಭಿಮಾನವೇ ಇದರ ಮೂಲವಾಗಿದೆ. ಆ ಅಭಿಮಾನವನ್ನು ವಿರೋಧಿಸುವದಕ್ಕಾಗಿಯೇ ಈ ಲೇಖನವು.

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಾದದ್ದರಿಂದ ಶಾಸ್ತ್ರದ ಮಾತನ್ನೇ ಮೊದಲು ಎತ್ತುವೆನು. ಇಂದು ವಾಸ್ತುವಿನ ಹೆಸರು ಹೇಳಿದರೆ ನಮ್ಮ ವಕೀಲರೂ ಪ್ರಾಧ್ಯಾಪಕರೂ ಸಾವಿರಗಟ್ಟಲೆ ರೂಪಾಯಿ ಸುರಿಯುತ್ತಾರೆ. ಗಟ್ಟಿಯಾಗಿದ್ದ ಬಾಗಿಲನ್ನು ಕಿತ್ತು ದಿಕ್ಕು ಬದಲಿಸುತ್ತಾರೆ. ಅಡಿಗೆಮನೆಯನ್ನು ಆಗ್ನೇಯಕ್ಕೆ ಸರಿಸುತ್ತಾರೆ. ಅದೇ ಮನೆಯ ಕುಂಬಿಯ ಬುಡದಲ್ಲಿ ಅರಳಿಯ ಸಸಿ ಬೆರಳ ಗಾತ್ರಕ್ಕೆ ಬೆಳೆದಿರುವದನ್ನು ಯಾರೂ ನೋಡಿರುವದಿಲ್ಲ. ಮಯಮತದಲ್ಲಿ ಜೀರ್ಣವಾದದ್ದನ್ನು ಸರಿಪಡಿಸುವ ವಿಧಿಗಾಗಿ ಅನುಕರ್ಮವೆಂಬ ಒಂದು ಅಧ್ಯಾಯವೇ ಇದೆ. ಅದು ದೇವಾಲಯಾದಿಗಳ ಮಾತಾಗಿರಬಹುದು; ಆದರೂ ಕಟ್ಟಿದ್ದನ್ನು ಕಾಯುವದೂ ಶಾಸ್ತ್ರದ ಭಾಗವೆಂಬುದು ಅದರಿಂದ ಸ್ಪಷ್ಟವಾಗುವದು. ದಿಕ್ಕಿನ ಅಧ್ಯಾಯವನ್ನು ಹಿಡಿದು ದುರಸ್ತಿಯ ಅಧ್ಯಾಯವನ್ನು ಬಿಟ್ಟವರು ಶಾಸ್ತ್ರಜ್ಞರೂ ಅಲ್ಲ, ವ್ಯವಹಾರಜ್ಞರೂ ಅಲ್ಲ.

ಇದು ಕೇವಲ ಅಂದಚಂದದ ಪ್ರಶ್ನೆಯೆಂದು ಯಾರೂ ತಿಳಿಯಬಾರದು. 2019ರ ಅಗಸ್ಟ್ ತಿಂಗಳನ್ನು ಈ ಸೀಮೆಯವರು ಮರೆತಿರಲಾರರು. ಕೃಷ್ಣೆ, ದೂಧಗಂಗೆ, ವೇದಗಂಗೆ ಮೂರೂ ಏರಿ ಬಂದವು. ನೀರು ಹೊಕ್ಕು ನಿಂತ ಮಣ್ಣಿನ ಮನೆಯನ್ನು ಯಾವ ಗೃಹಸ್ಥನ ಥಾಪಿಯೂ ಉಳಿಸಲಾರದು. ಅದು ಬೇರೆ ಮಾತು. ಆದರೆ ಹೊಳೆಯ ನೀರು ಹತ್ತಿರವೂ ಸುಳಿಯದ ಕಡೆಗಳಲ್ಲಿ ಬರಿಯ ಜಡಿಮಳೆಗೇ ಗೋಡೆಗಳು ಕುಸಿದುವಲ್ಲ, ಅದಕ್ಕೆ ಯಾರನ್ನು ದೂರಬೇಕು? ಪೂರ್ಣ ಬಿದ್ದ ಮನೆಗೆ ಸರಕಾರವು ಆಗ 5 ಲಕ್ಷ ರೂಪಾಯಿಗಳ ಪರಿಹಾರವನ್ನು ಸಾರಿತು. ಪರಿಹಾರ ಬೇಕು, ಬೇಡವೆನ್ನಲಾರೆನು. ಆದರೆ ಮಳೆಗಾಲಕ್ಕೆ ಮುಂಚೆ ಒಂದು ಬುಟ್ಟಿ ಗಚ್ಚಿನಿಂದ ಮುಚ್ಚಬಹುದಾಗಿದ್ದ ಬಿರುಕಿಗೆ ಯಾವ ಸರಕಾರವೂ ನಿಚ್ಚಣಿಕೆ ಹತ್ತಿ ಬರುವದಿಲ್ಲ.

ಮೇಲ್ಮುದ್ದೆಯ ಮನೆಗಳ ಸಂಗತಿಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಅಥಣಿ, ರಾಯಬಾಗದ ಕಡೆಗೆ ಮಳೆ ಕಡಿಮೆ. ಅಲ್ಲಿ ಹಿರಿಯರು ತೊಲೆ, ಜಂತಿಗಳ ಮೇಲೆ ಕಟ್ಟಿಗೆಯ ಚಕ್ಕೆಗಳನ್ನು ಹಾಸಿ, ಮಣ್ಣು ಬಡಿದು, ಮೇಲೆ ಸವಳು ಮಣ್ಣಿನ ಪದರು ಕೊಡುತ್ತಿದ್ದರು. ಸವಳು ಮಣ್ಣು ನೀರು ಬಿದ್ದೊಡನೆ ಕಣ್ಣು ಮುಚ್ಚಿಕೊಳ್ಳುತ್ತದೆ, ನೀರನ್ನು ಕೆಳಗಿಳಿಯಗೊಡುವದಿಲ್ಲ. ಬೇಸಿಗೆಯಲ್ಲಿ ಮನೆ ತಂಪು. ಆದರೆ ಈ ಮಾಳಿಗೆಗೆ ಒಂದು ಶತ್ರುವಿದೆ. ಅದು ಮಳೆಯಲ್ಲ, ತಿಳಿಯದ ದುರಸ್ತಿ. ಸೋರಿತೆಂದು ಈ ವರ್ಷ ನಾಲ್ಕು ಬುಟ್ಟಿ ಮಣ್ಣು, ಮುಂದಿನ ವರ್ಷ ಮತ್ತೆ ನಾಲ್ಕು ಬುಟ್ಟಿ. ಹಳೆಯದನ್ನು ಕೆರೆದು ತೆಗೆಯುವವರಿಲ್ಲ. ಮೂವತ್ತು ವರ್ಷಗಳಲ್ಲಿ ತೊಲೆಯು ಮೊದಲಿನ ಭಾರದ ಎರಡು ಪಟ್ಟು ಹೊತ್ತು ನಿಂತಿರುತ್ತದೆ. ತೊಲೆಯ ಗೋಡೆಯೊಳಗಿನ ತುದಿಯನ್ನು ಗೆದ್ದಲು ತಿಂದಿರುತ್ತದೆ. 1993ರ ಸಪ್ಟೆಂಬರ 30ರ ಬೆಳಗಿನ ಜಾವ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಅವರನ್ನು ಕೊಂದದ್ದು ಮುಖ್ಯವಾಗಿ ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಅದರ ಮೇಲಿನ ಮಣ್ಣಿನ ಮಾಳಿಗೆಯ ಭಾರ. ನಮ್ಮ ಪಶ್ಚಿಮಕ್ಕೆ ಕೊಯನೆಯಿದೆ. 1967ರ ದಶಂಬರ 11ರ ನಡುಕವನ್ನು ಹಿರಿಯರು ಹೇಳುತ್ತಿದ್ದರು. ಆದುದರಿಂದ ಹೊಸ ಮಣ್ಣು ಏರಿಸುವ ಮೊದಲು ಅಷ್ಟೇ ಹಳೆಯ ಮಣ್ಣನ್ನು ಇಳಿಸಬೇಕೆಂಬ ನಿಯಮವನ್ನು ಮನೆಯ ಯಜಮಾನನೇ ಕಾಯಬೇಕು. ಕೂಲಿಗೆ ಬಂದವನು ಬುಟ್ಟಿ ಎಣಿಸುತ್ತಾನೆ. ಮಾಳಿಗೆಯ ಕೆಳಗೆ ಮಲಗುವವನು ಭಾರ ಎಣಿಸಬೇಕು.

ಇನ್ನು ಸಿಮೆಂಟಿನ ವ್ಯಾಮೋಹ. ಸಿಮೆಂಟನ್ನು ನಾನು ನಿಂದಿಸುವದಿಲ್ಲ. ಸಿಮೆಂಟಿನಿಂದ ಕಟ್ಟಿದ ಮನೆಗೆ ಸಿಮೆಂಟೇ ಯೋಗ್ಯ. ಆದರೆ ಮಣ್ಣಿನ ಇಲ್ಲವೆ ಕೆಸರುಕಲ್ಲಿನ ಹಳೆಯ ಗೋಡೆಗೆ ಸಿಮೆಂಟಿನ ಗಿಲಾವು ಬಳಿಯುವದು ದುರಸ್ತಿಯಲ್ಲ, ಅಪಕಾರ. ಮಣ್ಣಿನ ಗೋಡೆಯು ನೆಲದಿಂದ ತೇವವನ್ನು ಹೀರಿ ಗಾಳಿಗೆ ಬಿಡುತ್ತಿರುತ್ತದೆ. ಸುಣ್ಣದ ಗಚ್ಚು ಈ ಉಸಿರಾಟವನ್ನು ತಡೆಯುವದಿಲ್ಲ, ಸಿಮೆಂಟು ತಡೆಯುತ್ತದೆ. ಒಳಗಿನ ತೇವ ಹೊರಬೀಳಲಾರದೆ ಗೋಡೆಯ ಬುಡವನ್ನು ಮೆತ್ತಗೆ ಮಾಡುತ್ತದೆ. ಗಟ್ಟಿಯಾದ ಚಿಪ್ಪಿನಲ್ಲಿ ಕೂದಲೆಳೆಯ ಬಿರುಕೊಂದು ಬಿದ್ದರೆ ಸಾಕು, ಮಳೆಯ ನೀರು ಒಳಹೊಕ್ಕು ಅಲ್ಲಿಯೇ ಸೆರೆಯಾಗುತ್ತದೆ. ಹೊರಗೆ ನೋಡಿದರೆ ಬಣ್ಣ ಹಚ್ಚಿದ ಸುಂದರ ಗೋಡೆ, ಒಳಗೆ ಅಂಬಲಿ! ಒಂದು ರಾತ್ರಿ ಚಿಪ್ಪು ಸಹಿತ ಗೋಡೆ ಮಲಗಿದ ಮೇಲೆ “ಹಳೆಯ ಕಾಲದ ಮಣ್ಣಿನ ಗೋಡೆ, ಇನ್ನೆಷ್ಟು ದಿನ ಬಾಳೀತು” ಎನ್ನುವರು. ನೂರು ವರ್ಷ ಬಾಳಿದ ಗೋಡೆಯು ಗಿಲಾವು ಬಿದ್ದ ಕೆಲವೇ ವರ್ಷಗಳಲ್ಲಿ ಬಿದ್ದರೆ ಅಪರಾಧಿ ಯಾರೆಂಬದನ್ನು ತರ್ಕಸಂಗ್ರಹ ಓದಿದ ಹುಡುಗನೂ ಹೇಳಿಯಾನು. ಅಥಣಿಯ ಮುರುಘೇಂದ್ರ ಶಿವಯೋಗಿಗಳ ಮಠಕ್ಕೆ ಗಚ್ಚಿನ ಮಠವೆಂಬ ಹೆಸರುಂಟಷ್ಟೆ. ಗಚ್ಚೆಂದರೇನೆಂದು ಅದೇ ಊರಿನ ಎಷ್ಟು ಪದವೀಧರರಿಗೆ ಗೊತ್ತಿದೆಯೋ ತಿಳಿಯದು.

ಗಚ್ಚು ಕೂಡಿಸುವದೇನೂ ಬ್ರಹ್ಮವಿದ್ಯೆಯಲ್ಲ. ಸುಟ್ಟ ಸುಣ್ಣದ ಹರಳನ್ನು ನೀರಿಗೆ ಹಾಕಬೇಕು, ಹರಳಿನ ಮೇಲೆ ನೀರು ಸುರಿಯಬಾರದು. ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಮಕ್ಕಳನ್ನು ದೂರವಿಡಬೇಕು. ಅರಳಿದ ಸುಣ್ಣವನ್ನು ನೀರಿನ ಕೆಳಗೆ ಕೆಲವು ವಾರ ಇಟ್ಟು, ಒಂದಕ್ಕೆ ಎರಡೂವರೆ ಮೂರು ಪಾಲು ತೊಳೆದ ಉಸುಕು ಸೇರಿಸಿ ಚೆನ್ನಾಗಿ ಕುಟ್ಟಬೇಕು. ಬಿರುಕಿನ ಬಾಯನ್ನು ಅಗಲಿಸಿ, ಧೂಳು ಝಾಡಿಸಿ, ನೀರು ಚಿಮುಕಿಸಿ ತುಂಬಬೇಕು. ಬೇಗನೆ ಒಣಗಗೊಡದೆ ಕೆಲವು ದಿನ ಒದ್ದೆ ಗೋಣಿಚೀಲದಿಂದ ಮುಚ್ಚಬೇಕು. ಇಷ್ಟೇ.

ಮಂಗಳೂರ ಹಂಚಿನ ಮನೆಯವರ ಕೆಲಸ ಇನ್ನೂ ಹಗುರ. ಬಾಸೆಲ್ ಮಿಶನ್ನಿನವರು 1865ರಲ್ಲಿ ಆರಂಭಿಸಿದ ಈ ಹಂಚನ್ನು ಒಂದೊಂದಾಗಿ ಎತ್ತಿ ಬದಲಿಸಬಹುದು. ಆರ್‌ಸಿಸಿ ಮನೆಯವರು ತಮಗೆ ಈ ಚಿಂತೆಯಿಲ್ಲವೆಂದು ನಗಬಾರದು. ಸ್ಲ್ಯಾಬಿನ ಮೇಲಿನ ಕಸದಿಂದ ದೋಣಿ ಕಟ್ಟಿ ನೀರು ನಿಂತರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುವದು. ತುಕ್ಕು ಉಬ್ಬಿ ಸಿಮೆಂಟನ್ನೇ ಒಡೆದು ಹಾಕುವದು. ವರ್ಷಕ್ಕೆರಡು ಸಲ ಕಸಬರಿಗೆ ಹಿಡಿದು ಮೇಲಕ್ಕೆ ಹತ್ತಿದರೆ ಆಗುವ ಕೆಲಸವಿದು.

ಆಕ್ಷೇಪಕರ ಮಾತನ್ನೂ ಕೇಳೋಣ. “ನಾವೇ ಮಾಡಿದರೆ ಗೌಂಡಿಯ ಹೊಟ್ಟೆಯ ಮೇಲೆ ಹೊಡೆದಂತಾಗದೇ?” ಎಂಬುವರು. ಈ ದಯೆಯು ಕೂಲಿ ಚೌಕಾಸಿಯ ಹೊತ್ತಿನಲ್ಲಿ ಎಲ್ಲಿ ಅಡಗಿರುತ್ತದೆಯೋ! ಒಂದು ದಿನ ಬಿಸಿಲಿನಲ್ಲಿ ಗಚ್ಚು ಕುಟ್ಟಿದವನು ಮರುದಿನ ಗೌಂಡಿಯ ಕೂಲಿಯಲ್ಲಿ ಹತ್ತು ರೂಪಾಯಿ ಮುರಿಯುವದಿಲ್ಲ. ಗೌಂಡಿಯ ಕೆಲಸ ಗೌಂಡಿಗೇ ಇದೆ: ಹೊಟ್ಟೆ ಬಿಟ್ಟ ಗೋಡೆ, ಬಾಗಿದ ತೊಲೆ, ಅಡಿಪಾಯದ ಕುಸಿತ, ಇವುಗಳಿಗೆ ಗೃಹಸ್ಥನು ಕೈ ಹಚ್ಚಬಾರದು. ವಿದ್ಯುತ್ತಿನ ತಂತಿಗಳಿಗೂ ಹಾಗೆಯೇ. ಶೌಚದ ಗುಂಡಿಯೊಳಗೆ ತಾನೂ ಇಳಿಯಬಾರದು, ಯಾರನ್ನೂ ಇಳಿಸಬಾರದು; ಅದರೊಳಗಿನ ವಾಯು ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ, 2013ರ ಕಾಯಿದೆಯು ಇಂಥ ಅಪಾಯದ ಕೆಲಸಕ್ಕೆ ಜನರನ್ನು ಹಚ್ಚುವದನ್ನು ದಂಡಾರ್ಹವೆಂದೂ ಹೇಳಿದೆ.

“ಇದು ನಮ್ಮಂಥವರ ಕೆಲಸವಲ್ಲ” ಎಂಬವರಿಗೆ ಒಂದೇ ಪ್ರಶ್ನೆ. ನಿಮ್ಮ ತಾಯಂದಿರು ಪ್ರತಿ ಹಬ್ಬಕ್ಕೂ ಗೋಡೆಯ ಕಿತ್ತ ಜಾಗವನ್ನು ಮಣ್ಣಿನಿಂದ ಮೆತ್ತಿ, ನೆಲ ಸಾರಿಸಿ, ಸುಣ್ಣ ಬಳಿಯುತ್ತಿರಲಿಲ್ಲವೇ? ಅದು ದುರಸ್ತಿಯಲ್ಲದೆ ಮತ್ತೇನು? ಹೆಂಗಸರು ಮಾಡುವವರೆಗೆ ಅದಕ್ಕೆ ಹೆಸರೂ ಇರಲಿಲ್ಲ, ಕೂಲಿಯೂ ಇರಲಿಲ್ಲ. ಗಂಡಸರು ಮಾಡಬೇಕೆಂದೊಡನೆ ಅದು ಹೀನವಾಯಿತು! ಈ ನ್ಯಾಯ ಯಾವ ಸ್ಮೃತಿಯಲ್ಲಿದೆ?

ಆದುದರಿಂದ ನನ್ನ ಸೂಚನೆ ಇಷ್ಟು. ಯುಗಾದಿಯಿಂದ ಮಿರಗದವರೆಗಿನ ರವಿವಾರಗಳಲ್ಲಿ ಎರಡನ್ನಾದರೂ ಮನೆಗೆಂದು ತೆಗೆದಿಡಿರಿ. ಮಕ್ಕಳನ್ನು, ಗಂಡು ಹೆಣ್ಣು ಭೇದವಿಲ್ಲದೆ, ಜೊತೆಗೆ ಕರೆದುಕೊಂಡು ಮನೆಯನ್ನು ಒಂದು ಸುತ್ತು ಹಾಕಿರಿ. ಕಂಡ ಪ್ರತಿ ಬಿರುಕಿನ ತುದಿಗೆ ಸೀಸಕಡ್ಡಿಯಿಂದ ಗೆರೆಯೆಳೆದು ತಾರೀಖು ಬರೆಯಿಸಿರಿ. ಬಿರುಕು ಗೆರೆ ದಾಟಿ ಮುಂದೆ ಹೋಗಿದ್ದರೆ ತಿಳಿದವರನ್ನು ಕರೆಯಿರಿ. ಹೋಗದಿದ್ದರೆ ನೀವೇ ತುಂಬಿರಿ. ನಮ್ಮ ಸಂಘವೂ ವರ್ಷವಿಡೀ ವ್ಯಾಖ್ಯಾನಗಳನ್ನು ಏರ್ಪಡಿಸುತ್ತದೆ. ಬರುವ ಬೇಸಿಗೆಯಲ್ಲಿ ಒಂದು ವ್ಯಾಖ್ಯಾನವನ್ನು ಕಡಿಮೆ ಮಾಡಿ, ಬಲ್ಲ ಗೌಂಡಿಯೊಬ್ಬರನ್ನು ತಕ್ಕ ಸಂಭಾವನೆ ಕೊಟ್ಟು ಕರೆಯಿಸಿ, ಸಭಿಕರಿಗೆಲ್ಲ ಗಚ್ಚು ಕೂಡಿಸುವದನ್ನು ಕಲಿಸಲಿ. ಅಧ್ಯಕ್ಷರು ಮಾಲೆ ಹಾಕಿಸಿಕೊಳ್ಳುವ ಬದಲು ಮೊದಲನೆಯ ಬುಟ್ಟಿಯನ್ನು ಹೊರಲಿ.